ಬೀಳಗಿಯ ಕಂಠ, ಬೆಳ್ಳಿತೆರೆಯ ತುಟಿ

ಕೃಷ್ಣಾ, ಘಟಪ್ರಭೆಯರ ಆಸುಪಾಸಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆ ಮೊದಲಿನಿಂದಲೂ ಹಾಡು, ಆಟಗಳ ಸೀಮೆ. ಶ್ರೀಕೃಷ್ಣ ಪಾರಿಜಾತದ ಆಟ ಇಲ್ಲಿ ಇರುಳಿಡೀ ಬಯಲಿನಲ್ಲಿ ನಡೆಯುತ್ತಿತ್ತು. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಪಾತ್ರಧಾರಿಯ ಕಂಠವೇ ಕೊನೆಯ ಸಾಲಿನವರನ್ನು ಮುಟ್ಟಬೇಕಾಗಿತ್ತು. ಕಾಣುವ ಮುಖ, ಕೇಳುವ ಧ್ವನಿ ಎರಡೂ ಒಬ್ಬರವೇ.

ಇಂತಹ ನೆಲದಿಂದ ಹೊರಟ ಅಮೀರ್‌ಬಾಯಿ ಕರ್ನಾಟಕಿ, ಮುಖ ಮತ್ತು ಧ್ವನಿಗಳನ್ನು ಯಂತ್ರವು ಬೇರ್ಪಡಿಸಿದ ಕಾಲದ ಗಾಯಕಿಯಾದರು ಎಂಬುದು ಅವರ ಬದುಕಿನ ವೈಶಿಷ್ಟ್ಯ.

20ನೇ ಶತಮಾನದ ಆರಂಭದಲ್ಲಿ ಬೀಳಗಿಯ ಕಲಾವಿದ ಕುಟುಂಬದಲ್ಲಿ ಅವರ ಜನನ. ಹಾಡುಗಾರಿಕೆ ಮನೆಯಲ್ಲೇ ಇತ್ತು. ಸಹೋದರಿ ಗೋಹರಬಾಯಿ ಮುಂದೆ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಹೆಸರಾದ ನಟಿ. ಎಳೆಯ ವಯಸ್ಸಿನಲ್ಲೇ ಮುಂಬಯಿ ಸೇರಿದ ಅಮೀರ್‌ಬಾಯಿ 1934ರ 'ವಿಷ್ಣು ಭಕ್ತಿ' ಚಿತ್ರದಿಂದ ಬೆಳ್ಳಿತೆರೆಗೆ ಕಾಲಿಟ್ಟರು.

ಅಂದಿನ ಚಿತ್ರೀಕರಣದ ಕಷ್ಟ ಇಂದಿನವರಿಗೆ ಊಹಿಸಲೂ ಅಸಾಧ್ಯ. ನಟಿಯು ಕ್ಯಾಮೆರಾ ಮುಂದೆ ಅಭಿನಯಿಸುತ್ತಲೇ ಹಾಡಬೇಕು. ವಾದ್ಯಗಾರರು ಚೌಕಟ್ಟಿನ ಆಚೆ ಅಡಗಿ ಕೂರಬೇಕು. ಎಲ್ಲವನ್ನೂ ಒಂದೇ ಮೈಕ್ ಹಿಡಿಯಬೇಕು. ಒಂದು ಸ್ವರ ಜಾರಿದರೆ ಇಡೀ ದೃಶ್ಯ ಮತ್ತೆ ಮೊದಲಿನಿಂದ. ಆದರೆ ತುಟಿ ಮತ್ತು ಧ್ವನಿ ತಪ್ಪುವ ಭಯ ಮಾತ್ರ ಅಲ್ಲಿರಲಿಲ್ಲ.

1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನ ಚಿತ್ರಗಳೊಂದಿಗೆ ಹಿನ್ನೆಲೆ ಗಾಯನ ಬಂದಿತು. ಹಾಡು ಮೊದಲೇ ಮುದ್ರಣಗೊಳ್ಳತೊಡಗಿತು. ಸೆಟ್ಟಿನಲ್ಲಿ ಅದನ್ನು ಧ್ವನಿವರ್ಧಕದಿಂದ ನುಡಿಸಿ, ನಟಿಯಿಂದ ತುಟಿಯಾಡಿಸುವ ಪದ್ಧತಿ ರೂಢಿಯಾಯಿತು. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಚಿತ್ರ ಓಡುವುದು ಸೆಕೆಂಡಿಗೆ 24 ಫ್ರೇಮ್. ಅಂದರೆ ಧ್ವನಿವರ್ಧಕ 14 ಮೀಟರ್ ದೂರವಿದ್ದರೆ ಹಾಡು ನಟಿಯ ಕಿವಿಗೆ ಒಂದು ಫ್ರೇಮಿನಷ್ಟು ತಡವಾಗಿಯೇ ಮುಟ್ಟುತ್ತದೆ. ಇಂದು ಪಡಸಾಲೆಯ ಸ್ಪೀಕರ್ ಒಂದು ಹೇಳಿ, ಅಡುಗೆಮನೆಯದು ಕ್ಷಣ ತಡವಾಗಿ ಅದನ್ನೇ ಹೇಳುವಾಗ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಹೊಂದಿಸುವ ತಾಪತ್ರಯವೂ ಇದೇ ಜಾತಿಯದು!

1943ರಲ್ಲಿ ಬಾಂಬೆ ಟಾಕೀಸಿನ 'ಕಿಸ್ಮತ್' ತೆರೆಕಂಡಿತು. ಜ್ಞಾನ್ ಮುಖರ್ಜಿ ನಿರ್ದೇಶನ, ಅನಿಲ್ ಬಿಸ್ವಾಸ್ ಸಂಗೀತ. ತೆರೆಯ ಮೇಲೆ ಕಂಡ ಮುಖ ಮುಮ್ತಾಜ್ ಶಾಂತಿಯವರದು. ಕೇಳಿದ ಕಂಠ ಬೀಳಗಿಯದು. ಕವಿ ಪ್ರದೀಪರ ದೇಶಭಕ್ತಿ ಗೀತೆಯನ್ನು ಖಾನ್ ಮಸ್ತಾನಾರೊಂದಿಗೆ ಹಾಡಿದವರೂ ಅಮೀರ್‌ಬಾಯಿಯವರೇ. ಜರ್ಮನಿ, ಜಪಾನುಗಳ ಹೆಸರೆತ್ತಿ ಬ್ರಿಟಿಷ್ ಸೆನ್ಸಾರಿನ ಕಣ್ಣು ತಪ್ಪಿಸಿದ ಹಾಡದು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಚಿತ್ರ ಮೂರು ವರ್ಷಕ್ಕೂ ಮಿಗಿಲಾಗಿ ಓಡಿತು. ಅಷ್ಟೂ ದಿನ ಪ್ರೇಕ್ಷಕರು ಆ ಧ್ವನಿಯನ್ನು ಇನ್ನೊಬ್ಬರ ತುಟಿಯಲ್ಲಿ ಕಂಡರು. ಅಪರಿಚಿತರ ಮುಖಕ್ಕೆ ಹೊಂದುವಂತೆ ಉಸಿರು, ಒತ್ತು, ವಿರಾಮಗಳನ್ನು ಮೊದಲೇ ಅಳೆದು ಹಾಡುವುದು ಸಣ್ಣ ವಿದ್ಯೆಯಲ್ಲ. ಅದರ ಶ್ರೇಯಸ್ಸು ಆ ಕಾಲದಲ್ಲಿ ಗಾಯಕಿಗೆ ಸಂದದ್ದು ಕಡಿಮೆಯೇ.

ಹಾಗೆಂದು ಅವರು ಬರಿಯ ಕಂಠವಾಗಿ ಉಳಿಯಲಿಲ್ಲ. 1948ರ 'ಶೆಹನಾಜ್' ಚಿತ್ರಕ್ಕೆ ಸಂಗೀತ ನಿರ್ದೇಶನ ನೀಡಿದರು. ಹೆಣ್ಣುಮಕ್ಕಳು ಆ ಕುರ್ಚಿಯಲ್ಲಿ ಕುಳಿತ ಉದಾಹರಣೆಗಳು ಆಗ ಬೆರಳೆಣಿಕೆಯವು. ನಟ ಹಿಮಾಲಯವಾಲಾ ಅವರೊಂದಿಗಿನ ದಾಂಪತ್ಯ ನೆಮ್ಮದಿ ಕೊಡದೆ ವಿಚ್ಛೇದನದಲ್ಲಿ ಮುಗಿಯಿತು. ಲತಾ ಮಂಗೇಶ್ಕರ್ ಅವರ ಏಳಿಗೆಯ ಬಳಿಕ ಹಾಡಿನ ಅವಕಾಶಗಳು ತಗ್ಗಿದವು. ಅಮೀರ್‌ಬಾಯಿ ಪೋಷಕ ಪಾತ್ರಗಳತ್ತ ಹೊರಳಿದರು.

ಬಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ಅವರ ಹೆಸರಿನ ಅಮೀರ್ ಟಾಕೀಸ್ ಇತ್ತು. ಚಿತ್ರಮಂದಿರವೆಂದರೆ ಧ್ವನಿ-ದೃಶ್ಯಗಳನ್ನು ಹೊಂದಿಸುವ ಇನ್ನೊಂದು ಅಖಾಡ. ಪ್ರೊಜೆಕ್ಟರಿನಲ್ಲಿ ಚಿತ್ರದ ಪಟ್ಟಿಯು ದೀಪದ ಮುಂದೆ ನಿಂತು ನಿಂತು ಸಾಗಬೇಕು. ಧ್ವನಿ ಓದುವಲ್ಲಿ ಅದು ನಿಲ್ಲದೆ ಹರಿಯಬೇಕು. ಎರಡೂ ಕೆಲಸ ಒಂದೆಡೆ ಆಗದು. ಅದಕ್ಕಾಗಿ 35 ಎಂಎಂ ಪ್ರತಿಯಲ್ಲಿ ಧ್ವನಿಯನ್ನು ತನ್ನ ದೃಶ್ಯಕ್ಕಿಂತ ಸುಮಾರು 20 ಫ್ರೇಮ್ ಮುಂದೆ ಮುದ್ರಿಸುತ್ತಿದ್ದರು. ಇದು ಮುಕ್ಕಾಲು ಸೆಕೆಂಡಿಗೂ ತುಸು ಹೆಚ್ಚು. ಆಪರೇಟರ್ ರೀಲು ಹಾಕುವಾಗ ನಡುವಿನ ಬಳುಕನ್ನು ಹದ ತಪ್ಪಿ ಬಿಟ್ಟರೆ ಸಾಕು, ನಾಯಕಿ ಬಾಯಿ ಮುಚ್ಚಿದ ಮೇಲೂ ಹಾಡು ಮುಂದುವರಿಯುತ್ತಿತ್ತು. ಹಿಂದಿನ ಸಾಲಿನವರಿಗಂತೂ ದೂರದ ದೆಸೆಯಿಂದ ಇನ್ನೊಂದೆರಡು ಫ್ರೇಮ್ ವಿಳಂಬ.

ಕೊನೆಗಾಲದಲ್ಲಿ ಅವರನ್ನು ಪಾರ್ಶ್ವವಾಯು ಬಾಧಿಸಿತು. 1965ರ ಮಾರ್ಚ್ 3ರಂದು ಅಮೀರ್‌ಬಾಯಿ ನಿಧನರಾದರು. ಮುಂಬಯಿಯಲ್ಲಿ ದಶಕಗಳನ್ನು ಕಳೆದರೂ ಹೆಸರಿನ ಮುಂದಿನ 'ಕರ್ನಾಟಕಿ'ಯನ್ನು ಅವರು ಕೊನೆಯವರೆಗೂ ಉಳಿಸಿಕೊಂಡಿದ್ದರು.