ಕಡಲು ದಾಟಿದ ಕಡಲ ಚಿತ್ರಕಾರ: ಕಿರಿಯ ವಿಲೆಮ್ ವಾನ್ ಡೆ ವೆಲ್ಡೆ

ಹದಿನೇಳನೆಯ ಶತಮಾನದ ಡಚ್ ಚಿತ್ರಕಲೆ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ರೆಂಬ್ರಾಂಟ್ ಮತ್ತು ವರ್ಮೀರ್ ಇವರ ಹೆಸರುಗಳು. ಅದೇ ಕಾಲದಲ್ಲಿ ಕಡಲನ್ನೂ ಕಡಲತಡಿಯನ್ನೂ ತನ್ನ ವಸ್ತುವಾಗಿ ಆರಿಸಿಕೊಂಡು, ಐದು ದಶಕಗಳಿಗೂ ಮೀರಿ ಅದರಲ್ಲೇ ಕೃಷಿ ಮಾಡಿದವನು ಕಿರಿಯ ವಿಲೆಮ್ ವಾನ್ ಡೆ ವೆಲ್ಡೆ. ಆತನ ಬಾಳಿನ ಉತ್ತರಾರ್ಧ ಕಳೆದದ್ದು ಹುಟ್ಟುನಾಡಿನಲ್ಲಲ್ಲ. ಹುಟ್ಟುನಾಡಿನ ಮೇಲೆ ಯುದ್ಧ ಹೂಡಿದ್ದ ಇಂಗ್ಲೆಂಡಿನಲ್ಲಿ. ವಲಸೆಯ ಅನುಭವವುಳ್ಳ ಹೊರನಾಡ ಕನ್ನಡಿಗರಿಗೆ ಈ ಜೀವನಚರಿತ್ರೆ ಅಷ್ಟೇನೂ ಅಪರಿಚಿತವೆನಿಸಲಾರದು.

ವಿಲೆಮ್ ಹುಟ್ಟಿದ್ದು 1633ರಲ್ಲಿ, ಲೈಡನ್ ನಗರದಲ್ಲಿ. ತಂದೆಯ ಹೆಸರೂ ಅದೇ ಆದುದರಿಂದ ಇತಿಹಾಸಕಾರರು ಇವರನ್ನು ಹಿರಿಯ, ಕಿರಿಯ ಎಂದು ವಿಂಗಡಿಸುತ್ತಾರೆ. ಕುಟುಂಬವು ಮುಂದೆ ಆಮ್‌ಸ್ಟರ್‌ಡ್ಯಾಮಿಗೆ ಬಂದು ನೆಲೆಸಿತು. ತಂದೆಯದು ಸಾಹಸದ ವೃತ್ತಿ. ಡಚ್ ನೌಕಾದಳದ ಹಿಂದೆ ಚಿಕ್ಕ ಹಾಯಿದೋಣಿಯೊಂದರಲ್ಲಿ ಹೋಗಿ, ಕದನ ನಡೆಯುತ್ತಿರುವಾಗಲೇ ಹಡಗುಗಳ ಸ್ಥಾನವನ್ನು ಕಾಗದದ ಮೇಲೆ ಗುರುತಿಸಿಕೊಂಡು ಬರುತ್ತಿದ್ದ. ಆಮೇಲೆ ಬಿಳಿಯ ಲೇಪದ ಹಲಗೆಯ ಮೇಲೆ ಮಸಿಯಿಂದ ಅದನ್ನು ವಿಸ್ತರಿಸುತ್ತಿದ್ದ. ಮಗನಿಗೆ ತಂದೆಯಿಂದ ದೊರೆತದ್ದು ಹಡಗಿನ ಹಗ್ಗ, ಹಾಯಿ, ಕೂವೆಮರಗಳ ಖಚಿತ ಜ್ಞಾನ. ಗಾಳಿ, ಮೋಡ, ನೀರಿನ ಮೇಲಣ ಬೆಳಕು ಇವುಗಳ ಪಾಠ ದೊರೆತದ್ದು ವೇಸ್ಪ್ ಎಂಬ ಊರಿನಲ್ಲಿದ್ದ ಸೀಮೋನ್ ಡೆ ವ್ಲೀಗರ್ ಎಂಬ ಹಿರಿಯ ಚಿತ್ರಕಾರನಿಂದ. ಈ ಎರಡು ವಿದ್ಯೆಗಳ ಸಂಗಮವೇ ಕಿರಿಯ ವಿಲೆಮನ ಕಲೆಯೆನ್ನಬೇಕು.

ಆತನ ಆರಂಭದ ಚಿತ್ರಗಳಲ್ಲಿ ಗಾಳಿಯಿಲ್ಲದ ಹೊತ್ತಿಗೆ ಪ್ರಾಧಾನ್ಯ. ಲಂಡನ್ನಿನ ರಾಷ್ಟ್ರೀಯ ಕಲಾಶಾಲೆಯಲ್ಲಿರುವ 1661ರ ಚಿತ್ರವೊಂದರಲ್ಲಿ ಇಳಿತದ ವೇಳೆಯ ದಡವಿದೆ. ಡಚ್ ದೋಣಿಗಳು ದಡದ ಅಂಚಿಗೆ ಬಂದು ನಿಂತಿವೆ, ಜನ ಸ್ನಾನಕ್ಕಿಳಿದಿದ್ದಾರೆ. ಆ ನಾಡಿನ ಕರಾವಳಿ ಆಳವಿಲ್ಲದ್ದು. ಅಲ್ಲಿಯ ದೋಣಿಗಳ ತಳ ಚಪ್ಪಟೆ. ನೀರು ಸರಿದಾಗ ಅವು ವಾಲದೆ ಮರಳಿನ ಮೇಲೆಯೇ ಕುಳಿತುಬಿಡುತ್ತವೆ. ದಿಗಂತವನ್ನು ಬಹಳ ಕೆಳಗಿರಿಸಿ ಚಿತ್ರದ ಹೆಚ್ಚಿನ ಭಾಗವನ್ನು ಆಕಾಶಕ್ಕೇ ಬಿಟ್ಟುಕೊಡುವುದು ಆತನ ಕ್ರಮ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ವಸ್ತುಸಂಗ್ರಹಾಲಯದಲ್ಲಿರುವ 'ತೋಪಿನ ಹೊಡೆತ'ದಲ್ಲಿ ಸದ್ದೂ ಹೊಗೆಯೂ ಇವೆ. ಆದರೂ ನೋಡುವವನ ಮನಸ್ಸಿನಲ್ಲಿ ಉಳಿಯುವುದು ಜೋತುಬಿದ್ದ ಹಾಯಿಗಳ ಮತ್ತು ಅಲುಗದ ನೀರಿನ ಮೌನ. ಬಿರುಗಾಳಿಯನ್ನು ಬರೆದವರು ಹಲವರು. ಗಾಳಿ ಬಿದ್ದುಹೋದ ಕಡಲನ್ನು ಹೀಗೆ ಬರೆದವರು ವಿರಳ.

1672 ಡಚ್ಚರ ಪಾಲಿಗೆ ವಿಪತ್ತಿನ ವರ್ಷ. ಫ್ರಾನ್ಸ್, ಇಂಗ್ಲೆಂಡ್ ಹಾಗೂ ಎರಡು ಜರ್ಮನ್ ಸಂಸ್ಥಾನಗಳು ಏಕಕಾಲಕ್ಕೆ ಮೇಲೆ ಬಿದ್ದವು. ಚಿತ್ರಗಳನ್ನು ಕೊಳ್ಳುವವರಿಲ್ಲದಾಯಿತು; ವರ್ಮೀರನ ಸಂಸಾರ ದುಃಸ್ಥಿತಿಗಿಳಿದದ್ದೂ ಆಗಲೇ. ಅದೇ ವರ್ಷ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ಡಚ್ ಪ್ರಜೆಗಳಿಗೆ ತನ್ನ ರಾಜ್ಯದಲ್ಲಿ ಬಂದು ನೆಲೆಸಲು ಬಹಿರಂಗವಾಗಿ ಆಹ್ವಾನವಿತ್ತ. ತಂದೆ ಮಕ್ಕಳು ಆ ಚಳಿಗಾಲದಲ್ಲಿ ಕಡಲು ದಾಟಿದರು. 1674ರಲ್ಲಿ ಅರಸ ಇಬ್ಬರಿಗೂ ವರ್ಷಕ್ಕೆ ನೂರು ನೂರು ಪೌಂಡುಗಳ ವೇತನ ಗೊತ್ತುಮಾಡಿದ: ತಂದೆ ನೌಕಾಯುದ್ಧಗಳ ರೇಖಾಚಿತ್ರ ಬರೆಯಬೇಕು, ಮಗ ಅವಕ್ಕೆ ಬಣ್ಣ ತುಂಬಬೇಕು. ಇದೇ ಚಾರ್ಲ್ಸ್ ತನಗೆ ವಿವಾಹದ ಬಳುವಳಿಯಾಗಿ ಬಂದ ಮುಂಬಯಿಯನ್ನು 1668ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೆ ವರ್ಷಕ್ಕೆ ಹತ್ತು ಪೌಂಡುಗಳ ಗೇಣಿಗೆ ಒಪ್ಪಿಸಿದ್ದನೆಂಬುದನ್ನು ಇಲ್ಲಿ ನೆನೆಯಬಹುದು.

ಈ ವಲಸೆ ಸರಳವಾದುದಲ್ಲ. 1666ರ ನಾಲ್ಕು ದಿನಗಳ ಕದನದಲ್ಲಿ ಡಚ್ಚರಿಗೆ ಶರಣಾದ ಇಂಗ್ಲಿಷ್ ಹಡಗು 'ರಾಯಲ್ ಪ್ರಿನ್ಸ್' ಅನ್ನು ವಿಜಯದ ಸಂಕೇತವಾಗಿ ಚಿತ್ರಿಸಿದ್ದವನು ಕಿರಿಯ ವಿಲೆಮನೇ. ಆ ಹಡಗನ್ನು ಕಳೆದುಕೊಂಡ ಅರಸನ ಆಶ್ರಯದಲ್ಲಿ ಈಗ ಕೈ ಚಾಚಬೇಕಾಯಿತು. ಬಂದಾಗ ಯುದ್ಧವಿನ್ನೂ ಮುಗಿದಿರಲಿಲ್ಲ. ಇದನ್ನು ದ್ರೋಹವೆನ್ನುವವರಿದ್ದಾರೆ. ಆದರೆ ಆ ಕಾಲದ ಕುಶಲಕರ್ಮಿಗೆ ನಿಷ್ಠೆಯೆಂದರೆ ಮೊದಲು ತನ್ನ ಕಸುಬಿಗೆ ಸಲ್ಲುವುದೆಂದು ತಿಳಿಯುವುದೇ ಹೆಚ್ಚು ನ್ಯಾಯವೆಂದು ತೋರುತ್ತದೆ. ಆತ ಹಡಗುಗಳನ್ನು ಬರೆಯುವಾಗ ಧ್ವಜ ಯಾರದೆಂದು ನೋಡಿ ಅಂದವನ್ನು ಕೂಡಿಸಲಿಲ್ಲ, ಕಳೆಯಲಿಲ್ಲ.

ಗ್ರೀನಿಚ್‌ನ ರಾಣೀವಾಸದ ಕೆಳಗಣ ಕೋಣೆಯೊಂದನ್ನು ಇವರಿಗೆ ಕಾರ್ಯಶಾಲೆಯಾಗಿ ಬಿಟ್ಟುಕೊಡಲಾಯಿತು. ಬೇಡಿಕೆ ಹೆಚ್ಚಿದಂತೆ ಸಹಾಯಕರೂ ಹೆಚ್ಚಿದರು. ಅಲ್ಲಿಂದ ಹೊರಬಂದ ಚಿತ್ರಗಳಲ್ಲಿ ಕೆಲವು ಯಾಂತ್ರಿಕವಾಗಿವೆಯೆಂಬುದನ್ನು ಒಪ್ಪಲೇಬೇಕು. ಅರಸರ ಹಡಗುಗಳ ಭಾವಚಿತ್ರಗಳಲ್ಲಿ ಹಳೆಯ ಮೌನ ಅಪರೂಪ. ಆದರೂ ಹುಟ್ಟುನಾಡಿನ ನಂಟು ಕಡಿಯಲಿಲ್ಲ. 1686ರಲ್ಲಿ ಆಮ್‌ಸ್ಟರ್‌ಡ್ಯಾಮ್ ಬಂದರಿನ ಅಧಿಕಾರಿಗಳಿಗಾಗಿ ಆ ಬಂದರಿನ ಬೃಹತ್ ನೋಟವನ್ನು ಬರೆದುಕೊಟ್ಟ. ಮರುವರ್ಷ ಡಚ್ ನಾಯಕ ಟ್ರಾಂಪನ ಹಡಗನ್ನು ನಟ್ಟನಡುವೆ ನಿಲ್ಲಿಸಿ ಟೆಕ್ಸೆಲ್ ಕದನವನ್ನು ಚಿತ್ರಿಸಿದ. ಇಂಗ್ಲೆಂಡಿನಲ್ಲಿ ಕುಳಿತೇ ಇಂಗ್ಲೆಂಡಿನ ವಿರುದ್ಧ ಹೋರಾಡಿದ ಹಡಗಿಗೆ ಇಂಥ ಗೌರವ ಸಲ್ಲಿಸಿದ್ದು ಗಮನಾರ್ಹ.

1691ರಲ್ಲಿ ಕುಟುಂಬ ವೆಸ್ಟ್‌ಮಿನ್‌ಸ್ಟರಿಗೆ ಸ್ಥಳಾಂತರಗೊಂಡಿತು. ತಂದೆ 1693ರಲ್ಲಿ, ಮಗ 1707ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಇಬ್ಬರ ಸಮಾಧಿಯೂ ಪಿಕಡಿಲಿಯ ಸೇಂಟ್ ಜೇಮ್ಸ್ ಇಗರ್ಜಿಯಲ್ಲಿ. ಇಂಗ್ಲೆಂಡಿನ ಸಮುದ್ರಚಿತ್ರ ಪರಂಪರೆ ಹುಟ್ಟಿದ್ದು ಈ ಪರದೇಶಿಗಳಿಂದಲೇ. 1801ರಲ್ಲಿ ಟರ್ನರ್ ಬಿರುಗಾಳಿಗೆ ಸಿಕ್ಕ ಡಚ್ ದೋಣಿಗಳನ್ನು ಬರೆದದ್ದು, ಬ್ರಿಜ್‌ವಾಟರ್ ಪ್ರಭುವಿನ ಬಳಿಯಿದ್ದ ಕಿರಿಯ ವಿಲೆಮನ ಚಿತ್ರವೊಂದಕ್ಕೆ ಜೋಡಿಯಾಗಿ. ತಂದೆ ಮಕ್ಕಳ ಸಾವಿರದ ನಾನೂರಕ್ಕೂ ಹೆಚ್ಚು ರೇಖಾಚಿತ್ರಗಳು ಗ್ರೀನಿಚ್‌ನ ನೌಕಾ ವಸ್ತುಸಂಗ್ರಹಾಲಯದಲ್ಲಿವೆ. ಅವರು ಬಂದು ಮುನ್ನೂರೈವತ್ತು ವರ್ಷ ತುಂಬಿದ ನೆನಪಿಗೆ 2023ರಲ್ಲಿ ಏರ್ಪಟ್ಟ ಪ್ರದರ್ಶನ ನಡೆದದ್ದು ಅವರು ದುಡಿದ ಆ ರಾಣೀವಾಸದಲ್ಲಿಯೇ.