ಗರ್ಟ್ರೂಡ್ ಎಲಿಯನ್

ಗರ್ಟ್ರೂಡ್ ಎಲಿಯನ್ 1918ರ ಜನವರಿ 23ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ಯುರೋಪಿನಿಂದ ವಲಸೆ ಬಂದ ದಂತವೈದ್ಯರು. ಮಗಳಿಗೆ ಹದಿನೈದು ವರ್ಷವಾಗಿದ್ದಾಗ ಅಕ್ಕರೆಯ ಅಜ್ಜ ಕ್ಯಾನ್ಸರಿನಿಂದ ನರಳಿ ತೀರಿಕೊಂಡರು. ಆ ಸಂಕಟವನ್ನು ಕಣ್ಣಾರೆ ಕಂಡ ಬಾಲಕಿ, ರೋಗಗಳಿಗೆ ಮದ್ದು ಹುಡುಕುವುದೇ ತನ್ನ ಬಾಳಿನ ಗುರಿಯೆಂದು ನಿಶ್ಚಯಿಸಿದಳು.

ಗುರಿ ಸ್ಪಷ್ಟವಾಗಿತ್ತು, ದಾರಿ ಸುಗಮವಾಗಿರಲಿಲ್ಲ. 1929ರ ಆರ್ಥಿಕ ಕುಸಿತದಲ್ಲಿ ತಂದೆಯ ಸಂಪತ್ತು ಕರಗಿಹೋಗಿತ್ತು. ಶುಲ್ಕವಿಲ್ಲದ ಹಂಟರ್ ಕಾಲೇಜಿನಲ್ಲಿ ಓದಿ ಎಲಿಯನ್ 1937ರಲ್ಲಿ ಪದವಿ ಪಡೆದರು. ಮುಂದಿನ ಓದಿಗೆ ವಿದ್ಯಾರ್ಥಿವೇತನ ದೊರೆಯಲಿಲ್ಲ. ಹೆಣ್ಣೆಂಬ ಕಾರಣಕ್ಕೆ ಪ್ರಯೋಗಾಲಯಗಳು ಕೆಲಸ ಕೊಡಲಿಲ್ಲ. ಆದರೂ ಎದೆಗುಂದದೆ, ಹಗಲು ಶಾಲೆಯಲ್ಲಿ ಪಾಠ ಹೇಳಿ, ಉಳಿದ ಹೊತ್ತಿನಲ್ಲಿ ಸಂಶೋಧನೆ ನಡೆಸಿ, 1941ರಲ್ಲಿ ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಗಳಿಸಿದರು. ಅದೇ ವರ್ಷ, ಅವರು ಮದುವೆಯಾಗಬೇಕಿದ್ದ ತರುಣ ಹೃದಯದ ಸೋಂಕಿನಿಂದ ಮಡಿದ. ಆ ಸೋಂಕನ್ನು ಗುಣಪಡಿಸಬಲ್ಲ ಪೆನಿಸಿಲಿನ್ ಬಳಕೆಗೆ ಬಂದುದು ಕೆಲವು ವರ್ಷಗಳ ಅನಂತರ. ಎಲಿಯನ್ ಅವಿವಾಹಿತೆಯಾಗಿಯೇ ಉಳಿದರು.

1944ರಲ್ಲಿ ಅವರು ಬರೋಸ್ ವೆಲ್‌ಕಂ ಔಷಧ ಸಂಸ್ಥೆಯಲ್ಲಿ ಜಾರ್ಜ್ ಹಿಚಿಂಗ್ಸ್ ಎಂಬ ವಿಜ್ಞಾನಿಯ ಸಹಾಯಕಿಯಾದರು. ಆ ಕಾಲದಲ್ಲಿ ಬಹುಪಾಲು ಔಷಧಗಳು ಆಕಸ್ಮಿಕವಾಗಿ ದೊರೆಯುತ್ತಿದ್ದವು. ಇವರಿಬ್ಬರು ಬೇರೆ ಹಾದಿ ಹಿಡಿದರು. ಯಾವ ಜೀವಕೋಶ ಅಥವಾ ರೋಗಾಣು ವೃದ್ಧಿಯಾಗಬೇಕಾದರೂ ನ್ಯೂಕ್ಲಿಯಿಕ್ ಆಮ್ಲ ಬೇಕು. ಗೋಡೆ ಕಟ್ಟುವವನ ಕೈಗೆ ನಿಜವಾದ ಇಟ್ಟಿಗೆಯಂತೆಯೇ ತೋರುವ ಹುಸಿ ಇಟ್ಟಿಗೆಯನ್ನು ಕೊಟ್ಟರೆ ಕಟ್ಟಡ ಮೇಲೇಳದು. ಅಂತೆಯೇ ರೋಗಾಣುವಿಗೆ ಹುಸಿ ಆಹಾರವನ್ನು ಒದಗಿಸಿ ಅದರ ಬೆಳವಣಿಗೆಯನ್ನು ತಡೆಯುವುದೇ ಅವರ ಉಪಾಯ. ಈ ವಿಧಾನದಿಂದ ಮಕ್ಕಳ ರಕ್ತದ ಕ್ಯಾನ್ಸರಿಗೆ, ಮೂತ್ರಪಿಂಡದ ಕಸಿಗೆ, ಹರ್ಪಿಸ್ ವೈರಸ್ಸಿಗೆ ಹೊಸ ಮದ್ದುಗಳು ದೊರೆತವು. ನೌಕರಿ ಬಿಟ್ಟು ಬರಬೇಕೆಂದು ಕಾಲೇಜು ವಿಧಿಸಿದಾಗ ಎಲಿಯನ್ ಡಾಕ್ಟರೇಟ್ ಪದವಿಯ ಓದನ್ನೇ ತೊರೆದಿದ್ದರು; 1988ರಲ್ಲಿ ನೊಬೆಲ್ ಪ್ರಶಸ್ತಿಯೇ ಅವರನ್ನು ಅರಸಿಕೊಂಡು ಬಂದಿತು.

1983ರಲ್ಲಿ ಅವರು ನಿವೃತ್ತರಾದಾಗ ಏಡ್ಸ್ ಎಂಬ ಹೊಸ ರೋಗ ಜಗತ್ತನ್ನು ನಡುಗಿಸುತ್ತಿತ್ತು. ಅದಕ್ಕೆ ಕಾರಣವಾದ ಎಚ್.ಐ.ವಿ. ವೈರಸ್ ಗರ್ಭದಲ್ಲಿ, ಹೆರಿಗೆಯ ವೇಳೆಯಲ್ಲಿ ಮತ್ತು ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ ಹರಡಬಲ್ಲದು. ಎಲಿಯನ್ನರ ಸಂಸ್ಥೆಯ ಸಂಶೋಧಕರು ಎ.ಜೆಡ್.ಟಿ. ಎಂಬ ವಸ್ತುವನ್ನು ಪರೀಕ್ಷೆಗೆ ಒಡ್ಡಿದರು. 1964ರಲ್ಲಿ ಬೇರೊಬ್ಬ ವಿಜ್ಞಾನಿ ಕ್ಯಾನ್ಸರಿಗೆಂದು ತಯಾರಿಸಿ, ಫಲ ಕಾಣದೆ ಕೈಬಿಟ್ಟಿದ್ದ ವಸ್ತುವದು. ಅದೂ ಒಂದು ಹುಸಿ ಇಟ್ಟಿಗೆಯೇ. 1987ರಲ್ಲಿ ಅದು ಏಡ್ಸಿನ ಮೊದಲ ಔಷಧವೆಂದು ಮನ್ನಣೆ ಪಡೆಯಿತು. ಅದರ ಕೀರ್ತಿಯನ್ನು ಜನ ತಮಗೆ ಸಲ್ಲಿಸಿದಾಗ ಎಲಿಯನ್ ಅದನ್ನು ಒಪ್ಪಲಿಲ್ಲ. ಕಿರಿಯರಿಗೆ ಸಂಶೋಧನೆಯ ವಿಧಾನವನ್ನು ಕಲಿಸಿದುದಷ್ಟೇ ತಮ್ಮ ಪಾಲು ಎಂದರು.

ಆ ಪಾಲು ಕಿರಿದಲ್ಲ. 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ವೈದ್ಯರು ಸೋಂಕಿತ ಗರ್ಭಿಣಿಯರಿಗೂ ಅವರ ಹಸುಗೂಸುಗಳಿಗೂ ಈ ಔಷಧವನ್ನು ಕೊಟ್ಟು ನಡೆಸಿದ ಪ್ರಯೋಗದ ಫಲ ಪ್ರಕಟವಾಯಿತು. ಔಷಧ ಪಡೆಯದ ಗುಂಪಿನಲ್ಲಿ ನೂರಕ್ಕೆ ಸುಮಾರು 25 ಶಿಶುಗಳಿಗೆ ಸೋಂಕು ತಗಲಿದ್ದರೆ, ಪಡೆದ ಗುಂಪಿನಲ್ಲಿ ತಗಲಿದ್ದು ಸುಮಾರು 8ಕ್ಕೆ ಮಾತ್ರ. ತಾಯಿಯ ರೋಗ ಮಗುವಿಗೆ ಅನಿವಾರ್ಯವಲ್ಲವೆಂದು ಲೋಕಕ್ಕೆ ಮನವರಿಕೆಯಾಯಿತು. ಇಂದು ತಾಯಿ ತಪ್ಪದೆ ಔಷಧ ಸೇವಿಸಿದರೆ ಈ ಪ್ರಮಾಣ ನೂರಕ್ಕೆ 5ಕ್ಕಿಂತಲೂ ಕಡಿಮೆ.

ಎಲಿಯನ್ 1999ರ ಫೆಬ್ರವರಿ 21ರಂದು ನಿಧನರಾದರು. ಸ್ವಂತ ಮಕ್ಕಳಿಲ್ಲದ ಆ ಮಹಿಳೆ ಕಲಿಸಿದ ವಿದ್ಯೆ, ಇನ್ನೂ ಹುಟ್ಟದ ಅಸಂಖ್ಯ ಕಂದಮ್ಮಗಳಿಗೆ ರಕ್ಷೆಯಾಯಿತು.