ಕಾಡು ಉಳಿಸಲು ಹೋಗಿ ಊರಿಗೇ ಬೇಡವಾದ ಸಿಸ್ಟರ್

ಬ್ರೆಜಿಲ್ ದೇಶದ ಪಾರಾ ರಾಜ್ಯದಲ್ಲಿ ಅನಾಪು ಅಂತ ಒಂದು ಊರು. ಅಮೆಜಾನ್ ಕಾಡು ಸೀಳಿ ಹಾಕಿದ ಹೆದ್ದಾರಿ ಪಕ್ಕದಲ್ಲಿ ಎದ್ದು ನಿಂತ ಪೇಟೆ. ಇಲ್ಲಿನ ಪುರಸಭೆ ಒಬ್ಬ ಕ್ರೈಸ್ತ ಸನ್ಯಾಸಿನಿಯನ್ನು ಊರಿಗೆ ಬೇಡದ ವ್ಯಕ್ತಿ ಅಂತ ಠರಾವು ಪಾಸು ಮಾಡಿತ್ತು. ಅದೇ ಹೆಂಗಸಿಗೆ 2004ರಲ್ಲಿ ಪಾರಾ ರಾಜ್ಯ ಗೌರವ ಪೌರತ್ವ ಕೊಟ್ಟಿತು. ರಾಜಧಾನಿಯಲ್ಲಿ ಹಾರ, ಊರಲ್ಲಿ ಬಹಿಷ್ಕಾರ. ಆಕೆಯೇ ಸಿಸ್ಟರ್ ಡೊರೊತಿ ಸ್ಟ್ಯಾಂಗ್.

ಹುಟ್ಟಿದ್ದು 1931ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಡೇಟನ್‌ನಲ್ಲಿ. ಒಂಬತ್ತು ಮಕ್ಕಳ ಸಂಸಾರ. 1948ರಲ್ಲಿ ನೋತ್ರ್ ದಾಮ್ ಸನ್ಯಾಸಿನಿಯರ ಮಠ ಸೇರಿದಳು. ಮೇಷ್ಟ್ರ ಕೆಲಸ ಮಾಡಿದಳು. 1966ರಲ್ಲಿ ಬ್ರೆಜಿಲ್‌ಗೆ ಬಂದಳು, ಮುಂದೆ ಅಲ್ಲಿನ ಪ್ರಜೆಯೂ ಆದಳು.

1970ರ ದಶಕದಲ್ಲಿ ಅಲ್ಲಿ ಮಿಲಿಟರಿ ಸರ್ಕಾರ. ಬರಗಾಲದ ಈಶಾನ್ಯ ಭಾಗದ ಬಡವರಿಗೆ ಜಮೀನಿನ ಆಸೆ ತೋರಿಸಿ ಕಾಡಿನ ರಸ್ತೆ ಬದಿಗೆ ಕಳಿಸಿದರು. ಆ ಜನರ ಹಿಂದೆಯೇ ಸಿಸ್ಟರ್ ಕೂಡ ಹೊರಟು, 1982ರಲ್ಲಿ ಅನಾಪು ಸೇರಿದಳು. ಒಂದು ಕಡೆ ಬಡವರನ್ನು ಕಳಿಸಿದ ಸರ್ಕಾರ, ಇನ್ನೊಂದು ಕಡೆ ಮೂರು ಮೂರು ಸಾವಿರ ಹೆಕ್ಟೇರಿನ ತುಂಡುಗಳನ್ನು ಷರತ್ತು ಹಾಕಿ ದುಡ್ಡಿದ್ದವರಿಗೆ ಬರೆದುಕೊಟ್ಟಿತ್ತು. ಷರತ್ತು ಮುರಿದರೆ ಜಮೀನು ವಾಪಸು ಸರ್ಕಾರಕ್ಕೆ. ಎಷ್ಟೋ ಜನ ಮುರಿದರು, ಆದರೆ ಜಮೀನು ಬಿಡಲಿಲ್ಲ, ಕೈಯಿಂದ ಕೈಗೆ ಮಾರಿಕೊಂಡರು. ನಮ್ಮಲ್ಲಿ ಬಗರ್ ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಿಸ್ಟರ್ ಹಿಡಿದದ್ದು ಈ ಕಾಗದದ ಎಳೆಯನ್ನೇ. ಆ ಜಮೀನು ಸರ್ಕಾರದ್ದೇ, ಅದನ್ನು ಬಡ ರೈತರಿಗೆ ಕೊಡಿ, ಆದರೆ ಕಾಡು ಕಡಿಯದ ಷರತ್ತಿನ ಮೇಲೆ ಕೊಡಿ ಅಂತ ಕಚೇರಿಯಿಂದ ಕಚೇರಿಗೆ ಅಲೆದಳು. ಐದರಲ್ಲಿ ಒಂದು ಪಾಲು ಸಾಗುವಳಿ, ಕೋಕೋ, ಹಣ್ಣಿನ ಗಿಡ. ಉಳಿದ ನಾಲ್ಕು ಪಾಲು ಕಾಡು ಎಲ್ಲರದ್ದು, ಕೊಡಲಿ ಹಾಕುವಂತಿಲ್ಲ. ಇಂಥ ಯೋಜನೆಗಳಲ್ಲಿ ಒಂದರ ಹೆಸರು ಎಸ್ಪೆರಾನ್ಸಾ, ಅಂದರೆ ಭರವಸೆ.

ಇಲ್ಲೇ ಊರು ಒಡೆಯಿತು. ದನದ ಫಾರಂ ಸಾಹುಕಾರರಿಗೂ ಸಾ ಮಿಲ್ ಮಾಲೀಕರಿಗೂ ಸಿಟ್ಟು ಬಂದದ್ದು ಆಶ್ಚರ್ಯವಲ್ಲ. ಆದರೆ ಆ ಪೇಟೆಯ ಅನ್ನವೇ ಮರದ್ದು. ಮಿಲ್ಲಿನ ಕೂಲಿಗಳು, ಲಾರಿ ಡ್ರೈವರ್‌ಗಳು, ಅವರಿಗೆ ಸಾಲ ಕೊಡುವ ಅಂಗಡಿಯವರು, ಎಲ್ಲರ ಒಲೆಯೂ ಅದರಿಂದಲೇ ಉರಿಯಬೇಕು. ಅವರೂ ಕ್ರೈಸ್ತರೇ, ಪೂಜೆಗೆ ಹೋಗುವವರೇ. ಎಲ್ಲಿಂದಲೋ ಬಂದ ವಿದೇಶಿ ಮುದುಕಿ ನಮ್ಮ ಹೊಟ್ಟೆ ಮೇಲೆ ಹೊಡೀತಾಳೆ ಅನ್ನೋದು ಅವರ ದೂರು. ಅದನ್ನು ಬರೀ ದುಷ್ಟತನ ಅಂತ ತಳ್ಳಿಹಾಕೋದು ಸುಲಭ, ನ್ಯಾಯವಲ್ಲ. ರೈತರಿಗೆ ಬಂದೂಕು ಕೊಡ್ತಾಳೆ ಅಂತಲೂ ಆಕೆ ಮೇಲೆ ಆರೋಪ ಹೊರಿಸಿದರು. ಅದು ಮಾತ್ರ ಶುದ್ಧ ಕಿಡಿಗೇಡಿತನ. ಜಮೀನು ಸಿಕ್ಕವರ ಗುಡಿಸಲಲ್ಲಿ ಆಕೆ ಮನೆಮಗಳು. ಆದರೆ ಅವರಲ್ಲೂ ಎಲ್ಲರೂ ಒಂದೇ ಮನಸ್ಸಿನವರಲ್ಲ. ಕೈಗೆ ಕಾಸಿಲ್ಲದ ದಿನ ಹಿತ್ತಲಿನ ಹೆಮ್ಮರ ಕಂಡರೆ ಯಾರಿಗೆ ಆಸೆಯಾಗಲ್ಲ?

2005ರ ಫೆಬ್ರವರಿ 12, ಬೆಳಿಗ್ಗೆ. 73ರ ವಯಸ್ಸು. ರೈತರ ಸಭೆಗೆ ಮಣ್ಣು ದಾರಿಯಲ್ಲಿ ನಡೆದು ಹೋಗುತ್ತಿದ್ದವಳನ್ನು ಇಬ್ಬರು ಅಡ್ಡಗಟ್ಟಿದರು. ಚೀಲದಲ್ಲಿದ್ದ ಬೈಬಲ್ ತೆಗೆದು ಓದಿದಳು. ಆರು ಗುಂಡು ಹಾರಿದವು.

ಸರ್ಕಾರ ಆಮೇಲೆ ಎಚ್ಚೆತ್ತಿತು. ಸೈನ್ಯ ಬಂತು. ಅದೇ ತಿಂಗಳು ಪಾರಾದ ತೆರ್ರಾ ದೊ ಮೆಯೊ ಪ್ರದೇಶದಲ್ಲಿ 33 ಲಕ್ಷ ಹೆಕ್ಟೇರಿಗೂ ಮಿಕ್ಕಿ ಕಾಡು ರಕ್ಷಿತ ಪ್ರದೇಶವಾಯಿತು. ಬದುಕಿದ್ದಾಗ ಒಂದು ತುಂಡಿಗೆ ವರ್ಷಗಟ್ಟಲೆ ಅಲೆದಾಡಿಸಿದವರು ಸತ್ತ ವಾರದಲ್ಲೇ ರುಜು ಹಾಕಿದರು! ಕೊಲ್ಲಿಸಿದ ಫಾರಂ ಮಾಲೀಕ ವಿತಾಲ್ಮಿರೊ ಬಾಸ್ತೋಸ್ ದೆ ಮೊವುರಾನಿಗೆ 2007ರಲ್ಲಿ 30 ವರ್ಷ ಶಿಕ್ಷೆ, 2008ರಲ್ಲಿ ಬಿಡುಗಡೆ, 2010ರ ಮರುವಿಚಾರಣೆಯಲ್ಲಿ ಮತ್ತೆ 30 ವರ್ಷ. ಇನ್ನೊಬ್ಬ ಮಾಲೀಕನಿಗೂ ಅದೇ ವರ್ಷ ಅಷ್ಟೇ ಶಿಕ್ಷೆಯಾಯಿತು.

ಊರಿನ ಜಗಳ ಮಾತ್ರ ಆಕೆ ಜೊತೆ ಮಣ್ಣಾಗಲಿಲ್ಲ. 2011ರ ಜನವರಿಯಲ್ಲಿ ಎಸ್ಪೆರಾನ್ಸಾದ ಒಳಗಿಂದಲೇ ಮರ ಸಾಗುತ್ತಿತ್ತು. ಒಳಗಿನ ಕೆಲವರೇ ಮಾರುವವರು. ಉಳಿದ ರೈತರು ಹೆಂಡತಿ ಮಕ್ಕಳ ಸಮೇತ ರಸ್ತೆಗೆ ಅಡ್ಡ ಕೂತು ಮರದ ಲಾರಿಗಳನ್ನು ತಡೆದರು, ಕಾವಲು ಗೇಟು ಹಾಕಿಸಿ ಅಂತ ಸರ್ಕಾರಕ್ಕೆ ಪಟ್ಟು ಹಿಡಿದರು.